ಅಳತೆಗೆ ನಿಂತವರು

ಇವತ್ತು ಬೆಳಿಗ್ಗೆ ಐದೂವರೆಗೆ ಎದ್ದು ಪಂಪು ಹಾಕಿ ಟ್ಯಾಂಕಿಗೆ ನೀರು ತುಂಬಿಸಿದೆ. ನೆನೆಹಾಕಿದ್ದ ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ರುಬ್ಬಿ ನೀರುದೋಸೆ ಹೊಯ್ದೆ. ಗಂಡನ ಮಾತ್ರೆಯನ್ನು ಚಹಾದ ಲೋಟದ ಪಕ್ಕದಲ್ಲೇ ಇಟ್ಟೆ. ಬೇರೆ ಎಲ್ಲಿಟ್ಟರೂ ಅವರಿಗೆ ಕಾಣುವುದಿಲ್ಲ. ಹೈವೇ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಕುಂಬಳೆಯಲ್ಲಿ ಕಿಟಕಿ ಒರೆಸುವುದು ಹಲ್ಲುಜ್ಜುವಷ್ಟೇ ದಿನನಿತ್ಯದ ಕೆಲಸವಾಗಿದೆ, ಅದನ್ನೂ ಮಾಡಿದೆ. ಸ್ಕೂಟರಿನಲ್ಲಿ ಮೀನು ತರುವವನಿಂದ ಆರು ಬಂಗುಡೆ ತೆಗೆದುಕೊಂಡು, ಶುಚಿ ಮಾಡಿ, ಉಪ್ಪು ಸವರಿಟ್ಟೆ. ಎರಡು ದಿಂಬಿನ ಕವರಿನ ಹೊಲಿಗೆ ಬಿಟ್ಟಿತ್ತು, ಹಾಕಿದೆ. ಹತ್ತು ಗಂಟೆಗೆ ಮಂಚದಡಿಯಿಂದ ನನ್ನ ಸೋದರಮಾವನ ಟ್ರಂಕು ಎಳೆದು, ಅದರೊಳಗಿನ ಫೋಟೋಗಳನ್ನು ಒಂದೊಂದಾಗಿ ತೆಗೆದು, ಒಳಕೋಣೆಯಲ್ಲಿ ಚಾಪೆಯ ಮೇಲೆ ಹರಡಿದೆ. ಬಿಸಿಲಿಗೆ ಇಡಬಾರದು, ಗಾಳಿಗೆ ಇಡಬೇಕು. ಅಂಚು ಹಿಡಿದು ಎತ್ತಬೇಕು, ನಡುವೆ ಬೆರಳು ತಾಗಿಸಬಾರದು. ಇದು ನನಗೆ ಎಂಟನೆಯ ವಯಸ್ಸಿನಲ್ಲಿ ಹೇಳಿಕೊಟ್ಟ ಕ್ರಮ.

ನಾಳೆ ಮಂಗಳೂರಿನಿಂದ ಒಬ್ಬಳು ಹುಡುಗಿ ಈ ಫೋಟೋಗಳನ್ನು ನೋಡಲಿಕ್ಕೆ ಬರುತ್ತಾಳೆ. ಹಳೆಯ ಕಾಲದ ಮನೆಗಳು, ಪೇಟೆಗಳು ಹೇಗಿದ್ದವು ಎಂದು ಓದುತ್ತಿದ್ದಾಳಂತೆ. ಫೋನಿನಲ್ಲಿ ಕೇಳಿದಳು, “ಆಂಟಿ, ಇದರಲ್ಲಿ ನೀವು ಹುಟ್ಟಿ ಬೆಳೆದ ಮನೆಯ ಫೋಟೋ ಉಂಟಾ?” ಇಲ್ಲ ಎಂದೆ. “ಬೊಂಬಾಯಿಯ ಅಷ್ಟೆಲ್ಲ ಕಟ್ಟಡಗಳ ಫೋಟೋ ತೆಗೆದ ನಿಮ್ಮ ಮಾವ ಸ್ವಂತ ಮನೆಯದ್ದು ಒಂದೂ ತೆಗೆಯಲಿಲ್ವಾ?” ಎಂದು ಅವಳಿಗೆ ಆಶ್ಚರ್ಯ. ಅದಕ್ಕೊಂದು ಕಾರಣವಿದೆ. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮನೆ ಇದ್ದದ್ದು ನೆಕ್ರಾಜೆಯಲ್ಲಿ, ಮುರಕಲ್ಲಿನ ಪಾರೆಯ, ಅಂದರೆ ತೂತುತೂತಾದ ಕೆಂಪುಕಲ್ಲಿನ ಬಯಲಿನ, ಅಂಚಿನಲ್ಲಿ. ಮನೆಯ ಗೋಡೆಯೂ ಅದೇ ಮುರಕಲ್ಲು, ಸುಣ್ಣ ಬಳಿಯದ್ದು. ಮುಂದೆ ಉದ್ದಕ್ಕೆ ಜಗಲಿ, ಅದರ ಹಿಂದೆ ಚಾವಡಿ, ಚಾವಡಿಯ ಎಡಕ್ಕೆ ಎರಡು ಕೋಣೆ, ಬಲಕ್ಕೆ ಅಡುಗೆಮನೆ. ಸ್ವಲ್ಪ ದೂರದಲ್ಲಿ, ಬಾವಿಯ ಪಕ್ಕ, ಬಚ್ಚಲುಮನೆ. ಎಲ್ಲದಕ್ಕೂ ಮುಳಿಹುಲ್ಲಿನ ಮಾಡು. ಆ ಮಾಡಿನೊಳಗೆ ಬೇಸಗೆಯ ಮಧ್ಯಾಹ್ನವೂ ತಣ್ಣಗೆ, ಒಣಹುಲ್ಲು ಮತ್ತು ಹೊಗೆ ಬೆರೆತ ವಾಸನೆ. ಮನೆಯಲ್ಲಿ ಐದು ಜನ: ಅಜ್ಜಿ, ಅಮ್ಮ, ನಾನು, ಅಮ್ಮನ ಅಣ್ಣನಾದ ಮಾವ ಮತ್ತು ಅವರ ಹೆಂಡತಿ ಗಿರಿಜತ್ತೆ. ಅಪ್ಪ ಕುಂಬಳೆಯ ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕಿದ್ದರು, ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದರು. ನಮ್ಮ ಮನೆಮಾತು ತುಳು. ಮಾವ ಮತ್ತು ಅತ್ತೆ ಜಗಳಕ್ಕೆ ನಿಂತಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದರು, ಅಜ್ಜಿಗೆ ತಿಳಿಯದಿರಲಿ ಎಂದು. ಅಜ್ಜಿಗೆ ಎಲ್ಲವೂ ತಿಳಿಯುತ್ತಿತ್ತು.

ಮಾವ ಮತ್ತು ಅತ್ತೆ ಹದಿನಾಲ್ಕು ವರ್ಷ ಬೊಂಬಾಯಿಯಲ್ಲಿದ್ದು ಊರಿಗೆ ಮರಳಿದವರು. ಮನೆಗಳನ್ನು ಕಟ್ಟಿಸುವ ದೊಡ್ಡ ಕಚೇರಿಯೊಂದರಲ್ಲಿ ಮಾವ ಫೋಟೋ ತೆಗೆಯುವವರು. ಸಾಲು ಕೋಣೆಗಳಲ್ಲಿ ಹತ್ತಾರು ಸಂಸಾರ ಇರುವ ಹಳೆಯ ಚಾಳುಗಳನ್ನು ಕೆಡವುವ ಮೊದಲು ಅವುಗಳ ಫೋಟೋ ತೆಗೆಯಬೇಕು, ಖಾಲಿ ಜಾಗವನ್ನು ತೆಗೆಯಬೇಕು, ಅಡಿಪಾಯ ಹಾಕಿದಾಗ, ಗೋಡೆ ಎದ್ದಾಗ, ಕೊನೆಗೆ ಹೊಸ ಮನೆಗಳು ಸಾಲಾಗಿ ನಿಂತಾಗ ತೆಗೆಯಬೇಕು. ಕಚೇರಿಗೆ ಬೇಡವಾದ ಪ್ರತಿಗಳನ್ನು ಅವರು ಎಸೆಯಲು ಬಿಡದೆ ಮನೆಗೆ ತಂದಿಟ್ಟುಕೊಂಡಿದ್ದರು. ಅದೇ ಈ ಟ್ರಂಕು. ಒಂದು ಫೋಟೋದಲ್ಲಿ ನಾಲ್ಕು ಅಂತಸ್ತಿನ ಚಾಳು, ಪ್ರತಿ ಕಟಾಂಜನದ ಮೇಲೂ ಒಣಹಾಕಿದ ಸೀರೆ. ಇನ್ನೊಂದರಲ್ಲಿ ಒಂದೂ ಮರವಿಲ್ಲದ ಕೆಸರುನೆಲದಲ್ಲಿ ಹೊಸ ಮನೆಗಳು, ಆಗಷ್ಟೇ ಹಲ್ಲು ಬಂದ ಮಗುವಿನ ಬಾಯಿಯ ಹಾಗೆ. ಉಪ್ಪಿನ ಗದ್ದೆಗಳು, ಅವುಗಳ ಆಚೆ ಒಂದೇ ಒಂದು ಹೊಗೆಕೊಳವೆ. ಅರ್ಧ ಕಡಿದ ಗುಡ್ಡ. ಮಳೆ ನಿಂತ ಮೇಲಿನ ಡಾಮರು ರಸ್ತೆ, ಅದರಲ್ಲಿ ತಲೆಕೆಳಗಾಗಿ ನಿಂತ ದೀಪದ ಕಂಬಗಳು. ನಾನು ಕುಂಬಳೆಯ ಆಚೆಗಿನ ಊರು ಕಾಣುವ ಮೊದಲೇ ಬೊಂಬಾಯಿಯ ಹಿತ್ತಿಲುಗಳನ್ನೆಲ್ಲ ಕಂಡಿದ್ದೆ.

ಕಟ್ಟಡದ ಚಿತ್ರದಲ್ಲಿ ಕಟ್ಟಡ ಎಷ್ಟೆತ್ತರ ಎಂದು ತಿಳಿಯಬೇಕಾದರೆ, ಪಕ್ಕದಲ್ಲಿ ಎತ್ತರ ಗೊತ್ತಿರುವ ಏನಾದರೂ ಒಂದು ಇರಬೇಕು. ಅದಕ್ಕೆಂದು ಕಚೇರಿಯವರು ಕಪ್ಪು ಬಿಳುಪು ಪಟ್ಟೆಯ ಒಂದು ಕೋಲು ಕೊಟ್ಟಿದ್ದರು. ಮದುವೆಯಾದ ಹೊಸತರಲ್ಲಿ, ಒಂದು ಭಾನುವಾರ, ಪೇಟೆ ತೋರಿಸುತ್ತೇನೆಂದು ಅತ್ತೆಯನ್ನೂ ಕೆಲಸಕ್ಕೆ ಕರೆದುಕೊಂಡು ಹೋದ ಮಾವ, ಆ ಕೋಲನ್ನು ಟ್ರಾಮಿನಲ್ಲಿ ಮರೆತರು. ಬೆಳಕು ಹೋಗುವುದರಲ್ಲಿತ್ತು. ಕೋಲಿನ ಜಾಗದಲ್ಲಿ ಅತ್ತೆಯನ್ನೇ ನಿಲ್ಲಿಸಿದರು. ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದರು: ‘ಅಳತೆ: ೪ ಅಡಿ ೧೧ ಇಂಚು.’ ಅದನ್ನು ನೋಡಿದ ದೊಡ್ಡ ಸಾಹೇಬರು, ಕೋಲಿಗಿಂತ ಇದು ಒಳ್ಳೆಯದಾಗಿದೆ, ಮನೆಯ ಹತ್ತಿರ ಮನುಷ್ಯರಿದ್ದ ಹಾಗೆ ಕಾಣುತ್ತದೆ ಎಂದರಂತೆ. ಅಂದಿನಿಂದ ಅತ್ತೆ ಪ್ರತಿ ಗೋಡೆಯ ಪಕ್ಕ ನಿಂತರು. ಕ್ಯಾಮೆರಾ ನೋಡುವ ಹಾಗಿಲ್ಲ. ನೋಡಿದರೆ ನೋಡುವವರ ಕಣ್ಣು ಕಟ್ಟಡವನ್ನು ಬಿಟ್ಟು ಮುಖಕ್ಕೆ ಹೋಗುತ್ತದೆ. ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ಟ್ರಂಕಿನಲ್ಲಿರುವ ಬೊಂಬಾಯಿಯ ಫೋಟೋಗಳಲ್ಲೆಲ್ಲ, ಹುಡುಕಿದರೆ, ಒಂದು ಕಡ್ಡಿಯಷ್ಟು ಗಿರಿಜತ್ತೆ ಇದ್ದಾರೆ. ಮುಖ ಎಲ್ಲೂ ಇಲ್ಲ.

ಫೋಟೋಗಳನ್ನು ಗಾಳಿಗೆ ಹಾಕುವ ದಿನ ನನಗೆ ಹಬ್ಬ. ಮಾವ ಒಂದು ಬದಿ, ಅತ್ತೆ ಇನ್ನೊಂದು ಬದಿ ಕೂರುತ್ತಿದ್ದರು. ಮಾವ ಕಟ್ಟಡದ ಎತ್ತರ, ಅಂತಸ್ತು, ಯಾವ ದಿಕ್ಕಿಗೆ ಮುಖ ಎಂದು ಹೇಳುವರು. ಚಿತ್ರದಲ್ಲಿ ಇಲ್ಲದ್ದನ್ನೆಲ್ಲ ಅತ್ತೆ ಹೇಳುವರು.

“ಇದರ ಹಿಂದೆ ಒಂದು ನಲ್ಲಿ ಉಂಟು. ಬೆಳಿಗ್ಗೆ ನಾಲ್ಕಕ್ಕೇ ಕೊಡಪಾನದ ಸಾಲು. ನಾನು ನಿಂತದ್ದು ನೋಡಿ ಒಬ್ಬಳು ಬಂದು ನನ್ನ ಹಿಂದೆ ನಿಂತಳು, ಸಾಲು ಅಂತ!”

“ಅವಳನ್ನು ಅಲ್ಲಿಂದ ಎಬ್ಬಿಸ್ಲಿಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು,” ಮಾವ.

“ಹೌದು ಮತ್ತೆ. ಜನ ಹೋಗುವವರೆಗೆ ಕಾಯ್ತಾರೆ ಇವ್ರು. ಜನ ಇರುವ ಮನೆಯಿಂದ ಜನವನ್ನು ಓಡಿಸಿ ಮನೆ ತೆಗೆಯುವುದು.”

ಅಜ್ಜಿ ಜಗಲಿಯಿಂದಲೇ ಕತ್ತು ಚಾಚಿ, “ಇಷ್ಟು ದೊಡ್ಡ ಊರು, ಒಂದು ನರಪಿಳ್ಳೆ ಇಲ್ಲ. ಭೂತಗಳಿಗೆ ಕಟ್ಟಿಸಿದ್ದಾ?” ಎನ್ನುವರು. ಆದರೆ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡುವವರು ಅವರೇ. ಇವತ್ತು ಆ ಚಿತ್ರಗಳನ್ನು ಮತ್ತೆ ಹರಡಿದಾಗ ನನಗೂ ಕೈ ನಿಂತುಹೋಯಿತು. ಬರೇ ಇಟ್ಟಿಗೆ, ಸಿಮೆಂಟು, ನೆರಳು. ಆದರೂ ಮೆಟ್ಟಿಲು ಸವೆದ ಜಾಗ ನೋಡಿದರೆ ಅಲ್ಲಿ ಎಷ್ಟು ಕಾಲು ನಡೆದಿವೆ ಎಂದು ತಿಳಿಯುತ್ತದೆ. ಸವೆದದ್ದು ಕಾಣುವ ಹೊತ್ತಿನ ಬೆಳಕಿಗಾಗಿ ಆ ಮನುಷ್ಯ ಎಷ್ಟು ಬೆಳಗು ಕಾದಿರಬೇಕು!

ಊರಿಗೆ ಬಂದ ಮೇಲೆ ಮಾವ ಬಚ್ಚಲುಮನೆಯನ್ನು ಫೋಟೋ ತೊಳೆಯುವ ಕತ್ತಲೆಕೋಣೆ ಮಾಡಿಕೊಂಡಿದ್ದರು. ಕಿಟಕಿಗೆ ಗೋಣಿ, ಲಾಟೀನಿನ ಗಾಜಿಗೆ ಕೆಂಪು ಬಟ್ಟೆ, ಅಜ್ಜಿಯ ಬಿಸಿನೀರಿನ ಹಂಡೆಯ ಪಕ್ಕದಲ್ಲೇ ಮೂರು ಪಿಂಗಾಣಿ ತಟ್ಟೆ. ಅವರು ಒಳಗಿದ್ದಾಗ ಯಾರಿಗೂ ಸ್ನಾನವಿಲ್ಲ. ಅಜ್ಜಿ ಎಣ್ಣೆ ಹಚ್ಚಿಕೊಂಡು ಬಾಗಿಲ ಹೊರಗೆ ನಿಂತು, “ಏ ಮಗ, ಎಣ್ಣೆ ಕಣ್ಣಿಗೆ ಇಳೀತಾ ಉಂಟು. ನಿನ್ನ ಗೋಡೆ ತೊಳೆದಾಯ್ತಾ?” ಎಂದು ಕೂಗುವುದು ವಾರಕ್ಕೊಮ್ಮೆ ಇದ್ದದ್ದೇ.

ನಾನು ಹೇಳಬೇಕೆಂದಿರುವ ಬೇಸಗೆಯಲ್ಲಿ ಅತ್ತೆಯ ತಮ್ಮನಿಗೆ ಮದುವೆ ನಿಶ್ಚಯವಾಯಿತು. ಅತ್ತೆ ಮುಳ್ಳೇರಿಯದ ತವರಿಗೆ ಹೋಗಿ ಮೂರನೆಯ ದಿನ ಹಿಂತಿರುಗಿದರು. ಬಂದವರು ಚೀಲವನ್ನು ಜಗಲಿಯ ಮೇಲೆ ಕುಕ್ಕಿ, ಕಾಲು ತೊಳೆಯದೆ ಕೂತರು. ಆದದ್ದು ಇಷ್ಟು. ಆ ಮನೆಯ ಚಾವಡಿಯ ಗೋಡೆಯಲ್ಲಿ ಮಕ್ಕಳೆಲ್ಲರ ಫೋಟೋ ಸಾಲಾಗಿ ಉಂಟು. ದೊಡ್ಡ ಮಗಳಾದ ಅತ್ತೆಯ ಜಾಗದಲ್ಲಿ, ಮಾವ ಹಿಂದೊಮ್ಮೆ ಬೊಂಬಾಯಿಯಿಂದ ಕಳಿಸಿದ್ದ ದೊಡ್ಡದೊಂದು ಚಾಳಿನ ಚಿತ್ರವನ್ನು ಕಟ್ಟು ಹಾಕಿಸಿ ತೂಗಿಸಿದ್ದರು. ಮೂರನೆಯ ಕಂಬದ ಹತ್ತಿರ ಅತ್ತೆ ನಿಂತಿದ್ದರಲ್ಲ, ಅದಕ್ಕೆ. ಮದುಮಗಳ ಕಡೆಯವರು ಬಂದಾಗ ಅವರಲ್ಲೊಬ್ಬಾಕೆ ಗೋಡೆಯುದ್ದಕ್ಕೂ ನೋಡುತ್ತ ಬಂದು, “ಇದು ಯಾರು?” ಎಂದು ಕೇಳಿದಳು. “ಅದು ನನ್ನ ದೊಡ್ಡ ಮಗಳು,” ಎಂದರು ಅತ್ತೆಯ ಅಮ್ಮ. ಆಕೆ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, “ಕಟ್ಟಡವಾ?” ಎಂದಳು. ಚಾವಡಿಯಿಡೀ ನಕ್ಕಿತು. ಚಹಾದ ತಟ್ಟೆ ಹಿಡಿದು ಅತ್ತೆ ಅಲ್ಲೇ ನಿಂತಿದ್ದರು.

“ಮದುವೆಗೆ ಮೂರು ವಾರ ಉಂಟು,” ಅತ್ತೆ ಮಾವನಿಗೆ ಹೇಳಿದರು, ಕನ್ನಡದಲ್ಲಿ. “ಅಷ್ಟರೊಳಗೆ ಆ ಗೋಡೆಯಲ್ಲಿ ನನ್ನ ಮುಖ ಇರ್ಬೇಕು.”

“ಅದಕ್ಕೆಂತ, ಕಾಸರಗೋಡಿಗೆ ಹೋಗಿ ಸ್ಟುಡಿಯೋದಲ್ಲಿ ತೆಗೆಸುವ.”

“ಸ್ಟುಡಿಯೋದಲ್ಲಾ? ಗಂಡನ ಕೈಯಲ್ಲಿ ಕ್ಯಾಮೆರಾ ಇಟ್ಕೊಂಡು ನಾನು ಹೋಗಿ ಇನ್ನೊಬ್ಬನ ಪರದೆಯ ಮುಂದೆ ಕೂರ್ಬೇಕಾ? ಬಟ್ಟೆಯಲ್ಲಿ ಬರೆದ ತಾವರೆಕೆರೆ, ಬಟ್ಟೆಯಲ್ಲಿ ಬರೆದ ಹಂಸ! ಬೇಡ ಮಾರಾಯ್ರೇ. ನೀವು ತೆಗೆಯುವುದು.”

“ಫಿಲ್ಮು ಒಂದೇ ರೋಲು ಉಂಟು ಗಿರಿಜ. ಎಂಟೇ ಚಿತ್ರ. ಅದು ಯಾವುದಕ್ಕೆ ಅಂತ ನಿನಗೆ ಗೊತ್ತುಂಟಲ್ಲ.”

ನಮಗೆಲ್ಲ ಗೊತ್ತಿತ್ತು. ಆ ವರ್ಷ ನೆಕ್ರಾಜೆಯಲ್ಲಿ ಒಬ್ಬೊಬ್ಬರಾಗಿ ಮುಳಿಯ ಮಾಡು ಇಳಿಸಿ ಹಂಚು ಹಾಕುತ್ತಿದ್ದರು. ಮಳೆಗಾಲದೊಳಗೆ ಮುಳಿಯ ಮನೆಗಳು ಕಾಣದಾಗುತ್ತವೆ ಎಂದು ಮಾವನಿಗೆ ಆತುರ. ಎಂಟು ಮನೆಗಳನ್ನು ಆರಿಸಿಟ್ಟಿದ್ದರು. ಏಳು ಮನೆ ಊರಿನ ಬೇರೆಯವರವು, ಎಂಟನೆಯದು ನಮ್ಮದು. ಬೊಂಬಾಯಿಯ ಗೆಳೆಯರು ಇನ್ನೊಂದು ರೋಲು ಕಳಿಸುವುದಿದ್ದರೆ ಅದು ಮಳೆ ಕಳೆದ ಮೇಲೆಯೇ.

“ಹಾಗಾದ್ರೆ ನಿಮ್ಮ ಯಾವ ಮನೆಯ ಮುಂದೆಯೂ ನಾನು ನಿಲ್ಲುವುದಿಲ್ಲ,” ಎಂದರು ಅತ್ತೆ. “ಟ್ರಾಮಿನಲ್ಲಿ ಬಿಟ್ಟ ಕೋಲು ಸಿಕ್ಕಿದರೆ ಅದನ್ನೇ ನಿಲ್ಲಿಸಿ.”

ಹೀಗೆ ಅತ್ತೆಯ ಮುಷ್ಕರ ಶುರುವಾಯಿತು. ಅಡುಗೆ, ಬಟ್ಟೆ, ದನದ ಕೆಲಸ ಯಾವುದನ್ನೂ ಬಿಡಲಿಲ್ಲ. ಬಿಟ್ಟದ್ದು ಎರಡೇ: ಅಳತೆಗೆ ನಿಲ್ಲುವುದು ಮತ್ತು ಗಂಡನ ಹತ್ತಿರ ನೇರ ಮಾತಾಡುವುದು. ಎರಡೂ ಕೆಲಸ ನನ್ನ ಪಾಲಿಗೆ ಬಂತು. ಮಾವ ನನ್ನನ್ನು ಬಾಗಿಲ ದಾರಂದಕ್ಕೆ ಒರಗಿಸಿ ಅಳೆದು, ಮೂರು ಅಡಿ ಹತ್ತು ಇಂಚು ಎಂದು ಬರೆದುಕೊಂಡರು.

“ವಸಂತಿ, ನಿನ್ನ ಮಾವನಿಗೆ ಹೇಳು, ಗಂಜಿ ತಣಿದರೆ ಪುನಃ ಬಿಸಿ ಮಾಡ್ಲಿಕ್ಕಿಲ್ಲ ಅಂತ.”

ಎರಡು ಮಾರು ದೂರದಲ್ಲಿ ಮಣೆಯ ಮೇಲೆ ಕೂತಿದ್ದ ಮಾವ, “ನಿನ್ನ ಅತ್ತೆಗೆ ಹೇಳು, ನಾನು ಬಿಸಿ ಗಂಜಿ ಕುಡಿಯುವವನೇ ಅಲ್ಲ ಅಂತ.”

ನಾನು ಇಬ್ಬರಿಗೂ ಹೇಳಿ ಮುಗಿಸುವಾಗ ಅಜ್ಜಿ ಗದರುವರು: “ನಿಮ್ಮಿಬ್ಬರ ನಡುವೆ ಆ ಮಗುವಿನ ಗಂಜಿ ತಣಿಯಿತಲ್ಲ, ಅದಕ್ಕೆ ಯಾರು ಹೇಳುವುದು?”

ಮೊದಲಿಗೆ ನಾನು ಮಾತನ್ನು ಸ್ವಲ್ಪ ಸಿಹಿ ಮಾಡಿ ಒಯ್ಯುತ್ತಿದ್ದೆ. “ಅವರ ಕನ್ನಡಕ ಕಿಟಕಿಯಲ್ಲಿ ಉಂಟು, ಕಣ್ಣಿದ್ದರೆ ಕಾಣ್ತದೆ,” ಎಂದು ಅತ್ತೆ ಹೇಳಿದ್ದನ್ನು, “ಮಾವ, ಕನ್ನಡಕ ಕಿಟಕಿಯಲ್ಲಿ ಉಂಟಂತೆ, ತೆಗೆದುಕೊಳ್ಳಬೇಕಂತೆ,” ಎಂದು ಹೇಳಿದೆ. ಮಾವ ನನ್ನನ್ನು ಒಂದು ಕ್ಷಣ ನೋಡಿ, “ಇದು ಅವಳ ಮಾತಲ್ಲ. ಅವಳು ಎಂತ ಹೇಳಿದಳು?” ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. ಅವರಿಗೆ ಸಮಾಧಾನವಾಯಿತು. “ಹಾಗೆ. ಹೇಳಿದ್ದನ್ನು ಹೇಳಿದ ಹಾಗೆ ತರಬೇಕು ಮಗ, ಇಲ್ಲದಿದ್ದರೆ ತರಬಾರದು.” ಜಗಳದಲ್ಲೂ ಅವರಿಗೆ ಹೆಂಡತಿಯ ಮಾತೇ ಬೇಕಿತ್ತು, ನನ್ನದಲ್ಲ. ಇದು ನನಗೆ ಅರ್ಥವಾದದ್ದು ತುಂಬ ತಡವಾಗಿ. ಆದರೆ ಅಭ್ಯಾಸ ಮಾತ್ರ ಅಂದಿನಿಂದಲೇ ಹಿಡಿಯಿತು.

ಮನೆ ತೆಗೆಯುವುದೆಂದರೆ ಹೋದೆ, ತೆಗೆದೆ, ಬಂದೆ ಎಂದಲ್ಲ. ಒಂದೊಂದು ಮನೆಗೂ ಮೊದಲು ಮೂರು ಸಲ ಹೋಗಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಯಾವ ಗೋಡೆಗೆ ಯಾವ ಹೊತ್ತಿಗೆ ಬೆಳಕು ಬದಿಯಿಂದ ಬೀಳುತ್ತದೆ ಎಂದು ಮಾವ ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುವರು. “ಮಧ್ಯಾಹ್ನ ಗೋಡೆ ಸತ್ತಿರ್ತದೆ,” ಎನ್ನುವರು. “ಬೆಳಕು ಓರೆಯಾಗಿ ಬಂದಾಗ ಎದ್ದು ಕೂರ್ತದೆ.” ಆಮೇಲೆ ಒಂದು ದಿನ ಬೆಳಿಗ್ಗೆ ಕ್ಯಾಮೆರಾ, ಅದನ್ನು ನಿಲ್ಲಿಸುವ ಮೂರುಕಾಲು, ನೂಲಿಗೆ ಕಟ್ಟಿದ ಗುಂಡು ಎಲ್ಲ ಹೊತ್ತುಕೊಂಡು ಹೊರಡುವುದು. ನೂಲು ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದಲ್ಲ, ಕ್ಯಾಮೆರಾ ನೆಟ್ಟಗಿದೆಯೇ ಎಂದು ನೋಡುವುದು. ಮನೆಯವರು ಹೊಸ ಸೀರೆ ಉಟ್ಟು ಸಾಲಾಗಿ ನಿಂತಿರುತ್ತಿದ್ದರು. ಅವರಿಗೆಲ್ಲ ನಯವಾಗಿ ಹೇಳಿ ಒಳಗೆ ಕಳಿಸಿ, ಕೋಳಿಗಳನ್ನು ಅಟ್ಟಿ, ಕೊನೆಗೆ ನನ್ನನ್ನು ಗೋಡೆಗೆ ಒಂದು ಗೇಣು ದೂರ ನಿಲ್ಲಿಸುವುದು.

“ಇಲ್ಲಿ ನೋಡ್ಬೇಡ. ಗೋಡೆ ನೋಡು.”

ಅಷ್ಟು ಹೊತ್ತು ಗೋಡೆ ನೋಡುವುದೆಂದರೆ ಏನು ನೋಡುವುದು? ಹಾಗೆಂದುಕೊಂಡು ನಿಂತವಳಿಗೆ ಸ್ವಲ್ಪ ಹೊತ್ತಿನಲ್ಲಿ ಕಾಣಲು ಶುರುವಾಯಿತು. ಮಣ್ಣು ಮೆತ್ತಿದವಳ ಬೆರಳಿನ ಗುರುತು ಅರ್ಧವೃತ್ತ ಅರ್ಧವೃತ್ತವಾಗಿ ಹೋಗಿದೆ. ಒಂದು ಕಡೆ ಅದರ ದಿಕ್ಕು ಬದಲಾಗಿದೆ, ಅಂದರೆ ಅಲ್ಲಿಂದ ಇನ್ನೊಬ್ಬಳು ಕೈ ಹಾಕಿದ್ದಾಳೆ. ಮುರಕಲ್ಲಿನ ತೂತೊಂದರಲ್ಲಿ ಯಾರೋ ಬಚ್ಚಿಟ್ಟ ಸೂಜಿ. ಕಿಟಕಿಯ ಕೆಳಗೆ ಸೀಮೆಸುಣ್ಣದಲ್ಲಿ ಹಾಲಿನ ಲೆಕ್ಕದ ಗೀಟುಗಳು. ಏಳು ಮನೆಗಳ ಏಳು ಗೋಡೆಗಳನ್ನು ಆ ಬೇಸಗೆಯಲ್ಲಿ ನಾನು ಓದಿದೆ. ಶಾಲೆಯಲ್ಲಿ ಕಲಿತದ್ದು ಅದಕ್ಕಿಂತ ಹೆಚ್ಚೇನಿಲ್ಲ.

ಏಳನೆಯ ಮನೆಯೂ ಆಯಿತು. ಮದುವೆಗೆ ಎಂಟು ದಿನ ಉಳಿದಿತ್ತು. ಮುಷ್ಕರ ಹಾಗೇ ಇತ್ತು. ಅತ್ತೆ ಈಗ ಮಾತನ್ನೂ ಕಳಿಸುತ್ತಿರಲಿಲ್ಲ. ಮದುವೆಗೆ ತಾನು ಹೋಗುವುದೇ ಇಲ್ಲ, ಆ ಕಟ್ಟಡವೇ ಹೋಗಿ ಸೇಸೆ ಹಾಕಲಿ ಎಂದು ಅಮ್ಮನ ಹತ್ತಿರ ಹೇಳಿದರಂತೆ. ತಮ್ಮನ ಮದುವೆಗೆ ದೊಡ್ಡಕ್ಕ ಹೋಗದಿರುವುದೆಂದರೆ ಸಣ್ಣ ಮಾತಲ್ಲ. ಆ ದಿನ ಸಂಜೆ ಬಚ್ಚಲುಮನೆಯಲ್ಲಿ ಮಾವ ತಟ್ಟೆಗಳನ್ನು ತೊಳೆಯುತ್ತಿದ್ದರು, ನಾನು ನೀರು ಹೊಯ್ಯುತ್ತಿದ್ದೆ.

“ಮಾವ, ಒಂದು ಉಳಿದಿದೆಯಲ್ಲ. ಅತ್ತೆಯದ್ದು ತೆಗೀಬಾರದಾ?”

ಅವರು ತಟ್ಟೆಯನ್ನು ಬೋರಲು ಹಾಕಿ, ಒರೆಸಿ, ಮತ್ತೆ ಒರೆಸಿದರು.

“ನನಗೆ ಮುಖ ತೆಗೀಲಿಕ್ಕೆ ಬರುವುದಿಲ್ಲ ಮಗ. ಮದುವೆಯಾದ ವರ್ಷ ಒಂದು ತೆಗೆದಿದ್ದೆ, ಅವಳಿಗೆ ಗೊತ್ತಿಲ್ಲದ ಹಾಗೆ. ಸುಣ್ಣ ಬಳಿದ ಗೋಡೆಯ ಹಾಗೆ ಬಂತು. ಅವಳು ಹಾಗಿಲ್ಲ ಅಲ್ವಾ? ಹರಿದು ಹಾಕಿದೆ. ಗೋಡೆ ಆದರೆ ನಾನು ನೋಡಿದಷ್ಟು ಹೊತ್ತು ನಿಲ್ತದೆ. ಮುಖ ನಿಲ್ತದಾ? ಪುನಃ ಹಾಳು ಮಾಡಿದರೆ ಅದನ್ನೇ ಅವಳು ತವರಿನ ಗೋಡೆಗೆ ಹಾಕಬೇಕು.”

“ಇದು ಅತ್ತೆಗೆ ಹೇಳ್ಲಿಕ್ಕೆ ಉಂಟಾ?”

ಮಾವ ಒರೆಸಿದ ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟರು. ಆಮೇಲೆ, “ಹೇಳುವುದಾದರೆ ಸರಿಯಾಗಿ ಹೇಳು,” ಎಂದರು.

ಅತ್ತೆ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದರು. ನಾನು ಎದುರು ನಿಂತು, ಒಂದಕ್ಷರ ಬಿಡದೆ, ಸುಣ್ಣ ಬಳಿದ ಗೋಡೆಯನ್ನೂ ಸೇರಿಸಿ ಹೇಳಿದೆ. ತುರಿಮಣೆಯ ಸದ್ದು ನಿಂತಿತು. ಅತ್ತೆ ಮೊದಲು ನಕ್ಕರು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

“ಹೆದರಿಕೆಯಾ ಇವ್ರಿಗೆ? ಇಷ್ಟು ವರ್ಷ ಗರ್ವ ಅಂತ ತಿಳಿದಿದ್ದೆ ಮಾರಾಯ್ತಿ ನಾನು.” ಅರ್ಧ ಕಾಯಿಯನ್ನು ಕೆಳಗಿಟ್ಟರು. “ಹೋಗಿ ಹೇಳು. ಹದಿನಾಲ್ಕು ವರ್ಷ ಗೋಡೆಯ ಪಕ್ಕ ನಿಂತವಳು ನಾನು, ಗೋಡೆ ಹೇಗೆ ನಿಲ್ತದೆ ಅಂತ ನನಗೆ ಗೊತ್ತುಂಟು. ಅವರು ನೋಡುವಷ್ಟು ಹೊತ್ತು ನಿಲ್ತೇನೆ. ನನ್ನನ್ನೊಂದು ಕಟ್ಟಡ ಅಂತ ತಿಳ್ಕೊಳ್ಲಿಕ್ಕೆ ಹೇಳು.”

ಮಾವ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಕೆಲಸವಾಗಿ ತೆಗೆದುಕೊಂಡರು. ಮಾರನೆಯ ಬೆಳಿಗ್ಗೆಯಿಂದ ಮೂರು ದಿನ, ಅತ್ತೆ ಎಲ್ಲಿದ್ದಾರೋ ಅಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ, ಪುಸ್ತಕ ಪೆನ್ಸಿಲು ಹಿಡಿದು ಮಾವ. ಬಾವಿಕಟ್ಟೆಯಲ್ಲಿ ನೀರು ಸೇದುವಾಗ ನೋಡಿದರು. ಮಧ್ಯಾಹ್ನ ಅಂಗಳದಲ್ಲಿ ಗೇರುಬೀಜ ಒಣಹಾಕುವಾಗ ನೋಡಿದರು. ಸಂಜೆ ದೀಪ ಹಚ್ಚುವಾಗ ನೋಡಿದರು. ಅಜ್ಜಿಗೆ ನಾಚಿಕೆಯಾಗಿ ಒಳಗೆ ಹೋದರು.

“ಎಂತ ಇದು, ಹೊಸ ಮದುಮಗನ ಹಾಗೆ!” ಅತ್ತೆ, ನನ್ನ ಮೂಲಕವಲ್ಲ, ನೇರವಾಗಿಯೇ. “ಹದಿನಾಲ್ಕು ವರ್ಷದಲ್ಲಿ ಇಷ್ಟು ನೋಡಿರ್ಲಿಕ್ಕಿಲ್ಲ ನೀವು.”

“ಸ್ವಲ್ಪ ಆ ಕಡೆ ತಿರುಗು. ಹಾಂ. ಎಡಗಡೆಯ ಕೆನ್ನೆಯಲ್ಲಿ ಒಂದು ಗುಳಿ ಉಂಟು ನಿನಗೆ.”

“ಅದು ಹುಟ್ಟಿದಾಗಿನಿಂದ ಉಂಟು.”

“ಬರ್ಕೊಂಡೆ,” ಎಂದರು ಮಾವ.

ಆ ಪುಸ್ತಕದ ಆ ಪುಟ ಈಗಲೂ ಟ್ರಂಕಿನಲ್ಲಿದೆ. ‘ಮಧ್ಯಾಹ್ನ ಬೇಡ, ಕಣ್ಣು ಕಿರಿದಾಗುತ್ತದೆ. ಸಂಜೆ ದಣಿವು. ಬೆಳಿಗ್ಗೆ ಏಳು ಮುಕ್ಕಾಲು, ದನಕ್ಕೆ ಹುಲ್ಲು ಹಾಕಿ ಬಂದ ಮೇಲೆ, ಚಹಾದ ಮೊದಲು. ಪೂರ್ವದ ಗೋಡೆ.’ ಒಂದು ಹೆಂಗಸಿನ ಬಗ್ಗೆ ಯಾವ ಗಂಡಸಾದರೂ ಇಷ್ಟು ಶ್ರದ್ಧೆಯಿಂದ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಪೂರ್ವದ ಗೋಡೆಯ ಮುಂದೆ ಮೂರುಕಾಲು ನಿಂತಿತು. ನೂಲು ಇಳಿಯಿತು. ಅತ್ತೆ ದಿನಾ ಉಡುವ ಹಸಿರು ಸೀರೆಯಲ್ಲೇ ಬಂದರು. ರೇಷ್ಮೆಯದ್ದು ಉಡುತ್ತೇನೆಂದದ್ದಕ್ಕೆ ಮಾವ, “ಮನೆಗೆ ಹೊಸ ಸುಣ್ಣ ಬಳಿದು ತೆಗೆಯುವುದಿಲ್ಲ,” ಎಂದಿದ್ದರು. ಅಭ್ಯಾಸಬಲದಿಂದ ಅತ್ತೆ ಗೋಡೆಯ ಕಡೆ ಮುಖ ಮಾಡಿ ನಿಂತರು. ನಾವೆಲ್ಲ ಒಟ್ಟಿಗೆ, “ಈಚೆ, ಈಚೆ!” ಎಂದೆವು. ತಿರುಗಿದರು. ಅಭ್ಯಾಸಬಲದಿಂದ ನಾನೂ ಹೋಗಿ ಅವರ ಪಕ್ಕ ನಿಂತಿದ್ದೆ.

“ನೀನು ಬಾ ಈ ಕಡೆ,” ಎಂದರು ಮಾವ.

“ಅಳತೆ ಬೇಡವಾ?”

“ಅಳತೆಗೆ ಇನ್ನೊಂದು ಅಳತೆ ಎಂತಕ್ಕೆ ಮಗ?”

ಕ್ಯಾಮೆರಾವನ್ನು ಮೊದಲು ದೂರದಲ್ಲಿ ಇಟ್ಟಿದ್ದರು. ಅಲ್ಲಿಂದ ಮನೆ ಪೂರ್ತಿ ಸಿಗುತ್ತಿತ್ತು, ಮುಳಿಯ ಮಾಡು, ಜಗಲಿ, ಎಲ್ಲ, ನಡುವೆ ಅತ್ತೆ. ಎರಡೂ ಆಗುತ್ತದಲ್ಲ ಎಂದು ಅಮ್ಮನೂ ಹೇಳಿದ್ದರು. ಮಾವ ಕಿಂಡಿಯಲ್ಲಿ ನೋಡಿದರು. ತಲೆಯೆತ್ತಿ ಮನೆಯನ್ನು ನೋಡಿದರು. ಆಮೇಲೆ ಮೂರುಕಾಲನ್ನು ಎತ್ತಿಕೊಂಡು ಮುಂದೆ ಬಂದರು, ಇನ್ನೂ ಮುಂದೆ, ಅತ್ತೆಗೆ ಎರಡು ಹೆಜ್ಜೆ ದೂರದವರೆಗೆ. ಮನೆ ಚಿತ್ರದಿಂದ ಹೊರಗೆ ಹೋಯಿತು.

“ನಮ್ಮ ಮನೆ ಬರುವುದಿಲ್ಲ ಹಾಗಾದ್ರೆ,” ಎಂದೆ.

“ಮನೆ ಎಲ್ಲಿ ಹೋಗ್ತದೆ? ಇಲ್ಲೇ ಇರ್ತದೆ. ಮಳೆ ಕಳೆದು ತೆಗೆಯುವ.”

ಮಳೆ ಕಳೆಯಿತು. ರೋಲು ಬರಲಿಲ್ಲ. ಬೆಳಕು ತಡೆಯುವ ಕ್ಯಾಮೆರಾದ ಚರ್ಮವನ್ನು ಇಲಿ ಕಡಿದು ತೂತು ಮಾಡಿತು. ಮರುವರ್ಷ ನಮ್ಮ ಮಾಡಿಗೂ ಹಂಚು ಬಂತು. ಅಜ್ಜಿ ತೀರಿದ ಮೇಲೆ ಪಾಲಾಗಿ, ಮನೆಯೇ ಇಳಿದು, ಆ ಜಾಗದಲ್ಲಿ ಈಗ ಸಂಬಂಧಿಕರೊಬ್ಬರ ತಾರಸಿಯ ಮನೆ ಉಂಟು. ಕಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಊರಿಡೀ ಮನೆಗಳ ಚಿತ್ರ ತೆಗೆದ ಮನುಷ್ಯನ ಸ್ವಂತ ಮನೆಯದ್ದಾಗಿ ಉಳಿದದ್ದು ಅತ್ತೆಯ ತಲೆಯ ಹಿಂದಿನ ಒಂಬತ್ತು ಮುರಕಲ್ಲುಗಳು. ಎಣಿಸಿದ್ದೇನೆ. ಓರೆ ಬೆಳಕಿನಲ್ಲಿ ಒಂದೊಂದು ತೂತೂ ಕಾಣುತ್ತದೆ.

ಆ ಬೆಳಿಗ್ಗೆ ಅತ್ತೆ ನಿಂತರು. ಮಾವ ನೋಡಿದರು. ಎಷ್ಟು ಹೊತ್ತು ಎಂದು ನನಗೆ ಹೇಳಲಾಗುವುದಿಲ್ಲ. ಹಸು ಎರಡು ಸಲ ಕೂಗಿತು. ಅತ್ತೆ ಕಣ್ಣು ಮಿಟುಕಿಸಿದ್ದನ್ನು ನಾನು ನೋಡಲಿಲ್ಲ. ಗುಂಡಿ ಒತ್ತಿದ ಸದ್ದು, ಹುಣಿಸೆಬೀಜ ಒಡೆದಷ್ಟು.

ಆ ಸಂಜೆ ಬಾವಿಯ ನೀರನ್ನು ಮಣ್ಣಿನ ಮಡಕೆಯಲ್ಲಿ ತಣಿಸಿ ಫಿಲ್ಮು ತೊಳೆದರು. ಬೇಸಗೆಯ ಬೆಚ್ಚನೆ ನೀರಾದರೆ ಚಿತ್ರ ಕರಗುತ್ತದೆ. ಮಾವ ಹೊರಗೆ ಬಂದು ಒದ್ದೆ ಪಟ್ಟಿಯನ್ನು ಆಕಾಶದ ಬೆಳಕಿಗೆ ಹಿಡಿದರು. ನಾವೆಲ್ಲ ಮುತ್ತಿಕೊಂಡೆವು. ಅತ್ತೆಯ ಮುಖ ಕಪ್ಪು, ಕೂದಲು ಬೆಳ್ಳಗೆ.

“ಅಯ್ಯೋ, ಹಾಳು ಮಾಡಿದ! ಇದ್ದ ಒಂದು ಸೊಸೆಯನ್ನು ಮುದುಕಿ ಮಾಡಿದ!” ಅಜ್ಜಿ ಎದೆಗೆ ಕೈ ಇಟ್ಟುಕೊಂಡರು.

“ಅಲ್ಲ ಅತ್ತೆ, ಕಾಗದದಲ್ಲಿ ಬರುವಾಗ ಸರಿಯಾಗ್ತದೆ,” ಎಂದರು ಗಿರಿಜತ್ತೆ. ಆದರೆ ಅವರ ದನಿಯಲ್ಲೂ ಭರವಸೆ ಸಾಲದಾಗಿತ್ತು. ಮಾವ ಮಾತ್ರ ಪಟ್ಟಿಯನ್ನು ಕೆಳಗಿಳಿಸಲಿಲ್ಲ.

ಮಾರನೆಯ ಸಂಜೆ ಕಾಗದಕ್ಕೆ ಇಳಿಸಿದರು. ದೊಡ್ಡದು ಮಾಡುವ ಯಂತ್ರ ಅವರಲ್ಲಿ ಇರಲಿಲ್ಲ, ಆದ್ದರಿಂದ ಫಿಲ್ಮಿನಷ್ಟೇ ದೊಡ್ಡ ಚಿತ್ರ, ಅಂಗೈಯೊಳಗೆ ಮುಚ್ಚುವಷ್ಟು. ಆದರೆ ಅದರ ತುಂಬ ಅತ್ತೆ. ಹಣೆಯ ಮೇಲೆ ತಪ್ಪಿಸಿಕೊಂಡ ನಾಲ್ಕು ಕೂದಲು, ಮೂಗುಬೊಟ್ಟಿನ ಹೊಳಪು, ಎಡಗೆನ್ನೆಯ ಗುಳಿ. ನಗುತ್ತಿಲ್ಲ, ಇನ್ನೇನು ನಗಬೇಕು ಎಂಬಲ್ಲಿ ನಿಂತಿದ್ದಾರೆ. ಅತ್ತೆ ಅದನ್ನು ಅಂಚು ಹಿಡಿದು ನೋಡಿದರು.

“ಇದು ನಾನಾ?”

“ಮತ್ತೆ ಯಾರು?” ಎಂದು ಮಾವ ಪೆನ್ಸಿಲು ತೆಗೆದು ಹಿಂದೆ ಬರೆದರು: ‘ಗಿರಿಜ. ನೆಕ್ರಾಜೆ. ಪೂರ್ವದ ಗೋಡೆ.’ ಮಾವ ತೆಗೆದ ಅಷ್ಟು ಚಿತ್ರಗಳಲ್ಲಿ ಅತ್ತೆಯ ಹೆಸರು ಬರೆದದ್ದು ಇದೊಂದರಲ್ಲಿ.

ಮದುವೆಯ ಹಿಂದಿನ ದಿನ ಮಾವ, ಅತ್ತೆ, ನಾನು ಮೂವರೂ ಬಸ್ಸು ಹತ್ತಿ ಮುಳ್ಳೇರಿಯಕ್ಕೆ ಹೋದೆವು. ದಪ್ಪ ಕಾಗದಕ್ಕೆ ಅಂಟಿಸಿ ಗಾಜು ಹಾಕಿಸಿದ ಫೋಟೋ ಅತ್ತೆಯ ಮಡಿಲಲ್ಲಿ. ಅತ್ತೆಯ ಅಮ್ಮ ಅದನ್ನು ಜಗಲಿಯ ಬೆಳಕಿಗೆ ಒಯ್ದು, ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಹೆಬ್ಬೆರಳಿನಿಂದ ಗಾಜಿನ ಮೇಲೆ ಕೆನ್ನೆ ಸವರಿದರು. ಮಾವ ಬೇರೆ ಕಡೆ ನೋಡುತ್ತಿದ್ದರು. ಅತ್ತೆ ಸ್ಟೂಲು ಹಾಕಿ ಹತ್ತಿ ಚಾಳಿನ ಚಿತ್ರವನ್ನು ಮೊಳೆಯಿಂದ ತೆಗೆಯಹೊರಟರು.

“ಅದನ್ನು ಮುಟ್ಬೇಡ,” ಎಂದರು ಅವರ ಅಮ್ಮ.

“ಅಮ್ಮ, ಅದರಿಂದಲೇ ಅಲ್ವಾ ಎಲ್ಲ ಆದದ್ದು!”

“ನೀನು ಇಲ್ಲದ ಇಷ್ಟು ವರ್ಷ ನಾನು ಅದರ ಹತ್ತಿರವೇ ಮಾತಾಡಿದ್ದು. ಮೂರನೆಯ ಕಂಬ ನೋಡದೆ ನನಗೆ ಬೆಳಗಾಗುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆ.”

ಮೊಳೆ ಹೊಡೆದವರು ಮಾವ. ದೊಡ್ಡ ಚಿತ್ರದಲ್ಲಿ ಸಣ್ಣ ಅತ್ತೆ, ಅದರ ಬಲಕ್ಕೆ ಸಣ್ಣ ಚಿತ್ರದಲ್ಲಿ ದೊಡ್ಡ ಅತ್ತೆ. ಸಂಜೆಯ ಹೊತ್ತಿಗೆ ನೆಂಟರು ಒಬ್ಬೊಬ್ಬರಾಗಿ ಬಂದು ಗೋಡೆಯ ಮುಂದೆ ನಿಂತರು. ಎಲ್ಲರೂ ಮೊದಲು ಮುಖ ನೋಡಿದರು, ಆಮೇಲೆ ಕಂಬದ ಹತ್ತಿರ ಹುಡುಕಿ, “ಹೌದು, ಇವಳೇ!” ಎಂದರು. ಯಾರೂ ನಗಲಿಲ್ಲ. ಒಬ್ಬ ಮುದುಕರು ಮಾತ್ರ ಚಾಳನ್ನೇ ತುಂಬ ಹೊತ್ತು ನೋಡಿ, ಎಷ್ಟು ಚಂದದ ಕಟ್ಟಡ ಎಂದು ಮಾವನ ಬೆನ್ನು ತಟ್ಟಿದರು.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಎಳೆ ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ, ಮಾವಿನಮಿಡಿ, ಕಡಲೆಬೇಳೆ ಪಾಯಸ. ಮಾವ ಪಾಯಸ ಎರಡು ಸಲ ಹಾಕಿಸಿಕೊಂಡರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರೂ ಅವರೇ, ಎಂಟೂವರೆಗೇ, ಚಾವಡಿಯ ಮೂಲೆಯಲ್ಲಿ, ಅಷ್ಟು ಜನರ ಗಲಾಟೆಯ ನಡುವೆ. ಎರಡನೆಯವಳು ನಾನು, ಅತ್ತೆಯ ಮಡಿಲಲ್ಲಿ. ಆದ್ದರಿಂದ ಅತ್ತೆ ಮತ್ತು ಅವರ ಅಮ್ಮ ಆ ಗೋಡೆಯ ಕೆಳಗೆ ಕೂತು ಎಷ್ಟು ಹೊತ್ತಿನವರೆಗೆ ಮಾತಾಡಿದರು, ಏನು ಮಾತಾಡಿದರು ಎಂದು ನಾನು ಹೇಳಲಾರೆ.